ಶೈಲಮ್ಮ ಕೇಳಬಾರದಿದ್ದ ಪ್ರಶ್ನೆ

ಹಿಲ್ಸ್‌ಬರೋದ ಮನೆಯಿಂದ ಕಾರು ಹೊರಡುವ ಮೊದಲೇ ಸುಪ್ರಿಯಾ ತನ್ನ ತಾಯಿಯಿಂದ ಮಾತು ತೆಗೆದುಕೊಂಡಳು.

“ಅವ್ವಾ, ಅವರ ಮನ್ಯಾಗ ಜಾತಿ ಕೇಳಬಾರ್ದು.”

“ಕೇಳಂಗಿಲ್ಲ.”

“ಅವರ ಹಿರ್ಯಾರು ಯಾಕ ದೇಶಾ ಬಿಟ್ಟು ಹೋದ್ರು ಅಂತನೂ ಕೇಳಬಾರ್ದು.”

ಶೈಲಮ್ಮ ಸೀಟ್ ಬೆಲ್ಟಿನ ತುದಿ ಹುಡುಕುವುದರಲ್ಲಿ ಮಗ್ನರಾದರು. ಸುಪ್ರಿಯಾ ಬಿಡಲಿಲ್ಲ. ಬೆಲ್ಟನ್ನು ತಾನೇ ಎಳೆದು ಸಿಕ್ಕಿಸಿ, “ಅವ್ವಾ, ಹೂಂ ಅನ್ನು” ಅಂದಳು.

“ಹೂಂ ಅಂದೆನಲ್ಲ.”

“ಯಾವಾಗ ಅಂದಿ?”

“ಮನಸಿನ್ಯಾಗ.”

ಸ್ಟಿಯರಿಂಗ್ ಹಿಡಿದಿದ್ದ ಅಳಿಯ ಶಶಿಧರ ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿ ನಗು ನುಂಗಿಕೊಂಡ. ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದ ಕೀರ್ತಿ ಮಾತ್ರ ನಗಲಿಲ್ಲ. ಅವಳು ಹೊರಟಿದ್ದು ತನ್ನ ಮದುವೆಯ ಮಾತುಕತೆಗೆ.

ಕೀರ್ತಿ ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲೇ. ವುಡ್‌ಬ್ರಿಡ್ಜಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಇಪ್ಪತ್ತೆಂಟು ವಯಸ್ಸು. ಎರಡು ವರ್ಷದ ಹಿಂದೆ ಮೊಣಕಾಲು ಉಳುಕಿಸಿಕೊಂಡು ಬಂದ ದೇವಿನ್ ಬುಧರಾಮ್ ಎಂಬ ಹುಡುಗನ ಕಾಲು ವಾಸಿಯಾದ ಮೇಲೂ ಅವನು ಬರುವುದು ನಿಲ್ಲಲಿಲ್ಲ. ಅವನು ನ್ಯೂಯಾರ್ಕಿನ ಸಬ್‌ವೇ ರೈಲುಗಳ ಸಿಗ್ನಲ್ ವಿಭಾಗದಲ್ಲಿ ಇಂಜಿನಿಯರ್. ಹೆಸರು ನೋಡಿದರೆ ನಮ್ಮವನೇ, ಮುಖ ನೋಡಿದರೂ ನಮ್ಮವನೇ. ಆದರೆ ಅವನ ಅಪ್ಪ ಮತ್ತು ಈಗಿಲ್ಲದ ಅಮ್ಮ ಬಂದದ್ದು ದಕ್ಷಿಣ ಅಮೆರಿಕದ ಗಯಾನಾದಿಂದ. ನೂರಿಪ್ಪತ್ತೈದು ವರ್ಷಗಳ ಹಿಂದೆ ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟದ ಕೂಲಿಗೆಂದು ಹಡಗಿನಲ್ಲಿ ಹೋದವರ ಪೈಕಿ. ಜೆರಿಕೋದಲ್ಲಿರುವ ಶಶಿಧರನ ಗೆಳೆಯ ಮುಕುಂದ್ ಸುದ್ದಿ ಕೇಳಿ, “ಗಾನಾನಾ? ಆಫ್ರಿಕಾದಲ್ಲಲ್ವೇನಪ್ಪಾ ಇರೋದು ಅದು?” ಅಂದಿದ್ದ. ಒಂದು ವಾರ ಮನೆಯಲ್ಲಿ ಎಲ್ಲರೂ ಭೂಗೋಳ ಓದಿದರು.

ಶೈಲಮ್ಮನವರಿಗೆ ಭೂಗೋಳದ ಚಿಂತೆ ಇರಲಿಲ್ಲ. ಅವರ ಲೆಕ್ಕವೇ ಬೇರೆ. “ಉಂಡು ಉಟ್ಟು ಆರಾಮ ಇದ್ದವ್ರು ಯಾರೂ ಮೂರು ತಿಂಗಳು ಹಡಗಿನ್ಯಾಗ ಕುಂತು ಗೊತ್ತಿಲ್ಲದ ದೇಶಕ್ಕ ಹೋಗಂಗಿಲ್ಲ. ಒಂದು ಕಳವು ಮಾಡಿರಬೇಕು, ಇಲ್ಲಾ ಯಾರದರ ತಲಿ ಒಡದಿರಬೇಕು, ಇಲ್ಲಾ ಯಾರ್ನರ ಕಟಗೊಂಡು ಓಡಿ ಹೋಗಿರಬೇಕು. ನಮ್ಮ ಹುಡುಗೀನ ಕೊಡೋ ಮನಿ, ತಿಳಕೋಬಾರ್ದೇನು?”

“ನೀವೂ ಬಂದ್ರಲ್ಲ ಅಜ್ಜಿ, ಸೇಮ್ ಥಿಂಗ್” ಅಂದಿದ್ದಳು ಕೀರ್ತಿ.

“ನಾ ವಿಮಾನದಾಗ ಬಂದೇನಿ. ಗ್ರೀನ್ ಕಾರ್ಡ್ ತಗೊಂಡು.”

ಹುಬ್ಬಳ್ಳಿಯವರು ಶೈಲಮ್ಮ. ಎಪ್ಪತ್ತೈದು ದಾಟಿದೆ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಮಗಳ ಮನೆಯಲ್ಲಿದ್ದಾರೆ. ಹಿಲ್ಸ್‌ಬರೋದಲ್ಲಿ ಹೊಸ ಪರಿಚಯ ಯಾರೇ ಆಗಲಿ, ಎರಡನೇ ಮಾತಿಗೇ “ನಮ್ಮದು ಏಳು ತಲಿಯಿಂದ ಹುಬ್ಬಳ್ಳಿನರಿ, ಊರು ಬಿಟ್ಟು ಕದಲಿದವ್ರಲ್ಲ” ಎಂದು ಹೇಳಿಬಿಡುವುದು ಅವರ ರೂಢಿ. ಹೇಳುವಾಗ ಕತ್ತು ಒಂದಿಷ್ಟು ಉದ್ದವಾಗುತ್ತಿತ್ತು.

ಶನಿವಾರದ ಟ್ರಾಫಿಕ್ಕು. ಸೇತುವೆ ದಾಟಿ ಬೆಲ್ಟ್ ಪಾರ್ಕ್‌ವೇ ಹಿಡಿದು ಕ್ವೀನ್ಸಿನ ರಿಚ್ಮಂಡ್ ಹಿಲ್ ತಲುಪುವಾಗ ಹನ್ನೊಂದೂವರೆ. ಸಾಲು ಮನೆಗಳು, ಒಂದಕ್ಕೊಂದು ಭುಜ ತಾಗಿಸಿ ನಿಂತ ಹಾಗೆ. ಅಂಗಳ ಅಂತ ಇದ್ದದ್ದು ಚಾಪೆ ಹಾಸುವಷ್ಟು. ಅಷ್ಟರಲ್ಲೇ ಬಿದಿರಿನ ಗಳುಗಳನ್ನು ನೆಟ್ಟು ಕೆಂಪು, ಹಳದಿ, ಬಿಳಿ ಪತಾಕೆ ಕಟ್ಟಿದ್ದರು.

“ಇದೇನು, ಮಠದಂಗ ಐತಿ” ಅಂದರು ಶೈಲಮ್ಮ, ಕಾರಿನಿಂದ ಇಳಿಯುತ್ತ.

“ಪೂಜೆ ಮಾಡಿದಾಗ ಹಾಕ್ತಾರಂತ ಅಜ್ಜಿ. ಹನುಮಂತಗೆ ರೆಡ್” ಅಂದಳು ಕೀರ್ತಿ. ಹನುಮಂತನ ಹೆಸರು ಕೇಳಿ ಶೈಲಮ್ಮನವರ ಮುಖ ಕೊಂಚ ಸಡಿಲವಾಯಿತು.

ಬಾಗಿಲಲ್ಲಿ ದೇವಿನ್ ನಿಂತಿದ್ದ. ಬಗ್ಗಿ ಕಾಲು ಮುಟ್ಟಿದ. ಅವನ ಅಪ್ಪ ಹ್ಯಾರಿ ಕೈ ಮುಗಿದರು. ಪೂರ್ತಿ ಹೆಸರು ಹರಿನಾರಾಯಣ್, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಹಿಂದೆ, ಅಡುಗೆಮನೆಯ ಬಾಗಿಲಿಗೆ ಆತುಕೊಂಡು, ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಒಬ್ಬ ಗಿಡ್ಡ ಮುದುಕಿ. ಹೂವಿನ ಗೌನು, ತಲೆಗೆ ಬಿಗಿಯಾಗಿ ಕಟ್ಟಿದ ಬಿಳಿ ಬಟ್ಟೆ, ಕೈತುಂಬ ಬಂಗಾರದ ಬಳೆ.

“ಇದು ನಮ್ಮ ಆಜಿ” ಅಂದ ದೇವಿನ್.

ಶೈಲಮ್ಮ ತಿರುಗಿ ಮೊಮ್ಮಗಳನ್ನು ನೋಡಿದರು. “ಅಜ್ಜಿ ಅಂದನೇನು?”

“ಆಜಿ. ಅಪ್ಪನ ಅಮ್ಮಂಗೆ ಅವ್ರು ಹಂಗೇ ಅಂತಾರೆ.”

“ಕನ್ನಡ ಎಲ್ಲಿ ಕಲತ್ರಂತ ಕೇಳು.”

ಡಾಲಿ ಆಜಿಗೆ ಕನ್ನಡ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಅವರ ಇಂಗ್ಲಿಷು ಗಯಾನಾದ್ದು. ರಾಗ ರಾಗವಾಗಿ, ಅರ್ಧ ಪದ ನುಂಗಿ ಬರುವಂಥದ್ದು. ಶಶಿಧರನಿಗೇ ಎರಡೆರಡು ಸಲ ಕೇಳಬೇಕಾಗುತ್ತಿತ್ತು. ಶೈಲಮ್ಮನವರಿಗೆ ಬರುತ್ತಿದ್ದದ್ದು ‘ಥ್ಯಾಂಕ್ ಯೂ’, ‘ಹೌ ಮಚ್’, ‘ನೋ ಎಗ್’. ಹಾಗಾಗಿ ಇಬ್ಬರ ನಡುವೆ ಕೀರ್ತಿ ದುಭಾಷಿ.

ಹಾಲಿನ ಗೋಡೆಯ ಮೇಲೆ, ಲಕ್ಷ್ಮಿಯ ಪಟದ ಪಕ್ಕದಲ್ಲಿ, ಗಾಜು ಹಾಕಿಸಿದ ಒಂದು ಹಳೇ ಕಾಗದವಿತ್ತು. ಶಶಿಧರ ಅದರ ಮುಂದೆ ನಿಂತ. ಹ್ಯಾರಿ ಮೇಷ್ಟ್ರಿಗೆ ಕತೆ ಶುರು ಮಾಡಲು ಅಷ್ಟೇ ಸಾಕಾಯಿತು. ಅದು ಅವರ ಅಪ್ಪನ ಅಜ್ಜಿ ಸುಖಿಯಾ ಕಲ್ಕತ್ತೆಯಲ್ಲಿ ಹಡಗು ಹತ್ತುವಾಗ ಅಧಿಕಾರಿಗಳು ಕೊಟ್ಟ ಪರವಾನಗಿಯ ಪ್ರತಿ. ಗುಲಾಮರನ್ನು ಬಿಡುಗಡೆ ಮಾಡಿದ ಮೇಲೆ ಕಬ್ಬಿನ ತೋಟಗಳ ಧಣಿಗಳಿಗೆ ಕೆಲಸಕ್ಕೆ ಕೈ ಸಿಗಲಿಲ್ಲ. ಲಂಡನ್ನಿನ ಚಹಾಕ್ಕೆ ಸಕ್ಕರೆ ಬೇಕೇ ಬೇಕು. ಇತ್ತ ಬಿಹಾರದಲ್ಲಿ ಬರ, ಮಗ್ಗಗಳು ಮೂಲೆ ಸೇರಿದ್ದವು, ಹೊಲ ಕೈಬಿಟ್ಟಿದ್ದವು. ಎರಡೂ ಕಡೆಯ ಆಡಳಿತ ಒಂದೇ ಸರ್ಕಾರದ್ದು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಜನರನ್ನು ಹಡಗಿಗೆ ತುಂಬಿದರು. ಮೇಷ್ಟ್ರು ತರಗತಿಯಲ್ಲಿ ಹೇಳುವ ಹಾಗೆ ಬೆರಳು ಮಡಿಸುತ್ತ ಹೇಳಿದರು. ಶಶಿಧರ ಗಂಭೀರವಾಗಿ ತಲೆಯಾಡಿಸಿದ. ಕೀರ್ತಿ ಒಂದೊಂದನ್ನೇ ಅಜ್ಜಿಗೆ ಕನ್ನಡ ಮಾಡಿ ಹೇಳಿದಳು.

“ಅದು ಎಲ್ಲಾರ ಸಂಗತಿ ಆತು. ಈಕಿ ಯಾಕ ಹೋದ್ಲು?” ಅಂದರು ಶೈಲಮ್ಮ.

“ಅಜ್ಜಿ, ಪ್ಲೀಸ್.”

“ಕೇಳು ನೀ.”

ಕೀರ್ತಿ ಡಾಲಿ ಆಜಿಯ ಕಡೆ ತಿರುಗಿ, ಬಹಳ ನಯವಾಗಿ, ನಮ್ಮ ಅಜ್ಜಿಗೆ ನಿಮ್ಮ ಮನೆಯ ಪರದೆಗಳು ತುಂಬಾ ಹಿಡಿಸಿವೆಯಂತೆ ಎಂದಳು.

ಡಾಲಿ ಆಜಿ ಪರದೆ ನೋಡಿದರು. ಶೈಲಮ್ಮನವರನ್ನು ನೋಡಿದರು. ಶೈಲಮ್ಮನವರ ಬೆರಳು ಇನ್ನೂ ಗಾಜಿನೊಳಗಿನ ಕಾಗದದ ಕಡೆಗೇ ಚಾಚಿತ್ತು. ಆಜಿ ಆ ಕೈಯನ್ನೇ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಸುಪ್ರಿಯಾ, ಕೀರ್ತಿ ಇಬ್ಬರೂ ಗಾಬರಿಯಿಂದ ಹಿಂದೆಯೇ ಓಡಿದರು.

ಒಲೆಯ ಮೇಲೆ ದೊಡ್ಡ ತವಾ ಕಾಯುತ್ತಿತ್ತು. ಕಟ್ಟೆಯ ಮೇಲೆ ಕಣಕದ ಉಂಡೆಗಳು, ಪಕ್ಕದ ಬೋಗುಣಿಯಲ್ಲಿ ಬೇಯಿಸಿ ರುಬ್ಬಿದ ಹಳದಿ ಬೇಳೆ. ಡಾಲಿ ಆಜಿ ಒಂದು ಉಂಡೆಯನ್ನು ಅಂಗೈಯಲ್ಲಿ ಬಟ್ಟಲು ಮಾಡಿ, ಬೇಳೆ ತುಂಬಿ, ಬಾಯಿ ಮುಚ್ಚಿ, ಹಿಟ್ಟಿನಲ್ಲಿ ಹೊರಳಿಸಿದರು. ಶೈಲಮ್ಮ ನಿಂತಲ್ಲೇ ನಿಂತರು.

“ಸುಪ್ರಿಯಾ, ಇವ್ರು ಹೋಳಿಗಿ ಮಾಡಾಕತ್ಯಾರ!”

“ದಾಲ್ ಪುರಿ ಅಂತ ಅವ್ವಾ.”

ಶೈಲಮ್ಮ ಹೂರಣ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡರು. ಉಪ್ಪು, ಜೀರಿಗೆ, ಬೆಳ್ಳುಳ್ಳಿ. ಹುಬ್ಬು ಮೇಲೇರಿತು. “ಬೆಲ್ಲಾನ ಇಲ್ಲಲ್ಲ! ಸಕ್ಕರಿ ದೇಶಕ್ಕ ಹೋಗಿ ಬೆಲ್ಲ ಹಾಕೋದು ಮರತಾರ ನೋಡು ಇವ್ರು.”

ಸುಪ್ರಿಯಾ ತಡೆಯುವ ಮೊದಲೇ ಕೀರ್ತಿ ಇದನ್ನು ಅಕ್ಷರಶಃ ಇಂಗ್ಲಿಷ್ ಮಾಡಿಬಿಟ್ಟಳು. ಡಾಲಿ ಆಜಿ ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಹೊಲದಲ್ಲಿ ದಿನವಿಡೀ ಕಬ್ಬು ಕಡಿದು ಬಂದವರಿಗೆ ಮನೆಯಲ್ಲೂ ಸಿಹಿ ಯಾರಿಗೆ ಬೇಕು ಹೇಳಿ ಅಂದರು. ತಮ್ಮ ಲಟ್ಟಣಿಗೆಯನ್ನು ಶೈಲಮ್ಮನವರ ಕೈಗಿತ್ತರು.

ಕೊಟ್ಟ ಮೇಲೆ ಬಿಡುವವರಲ್ಲ ಶೈಲಮ್ಮ. ಸೆರಗು ಸಿಕ್ಕಿಸಿ ಲಟ್ಟಿಸಿದರು. ಮೊದಲನೆಯದು ಹರಿದು ಹೂರಣ ಹೊರಗೆ ಇಣುಕಿತು, ಎರಡನೆಯದು ನೆಟ್ಟಗಾಯಿತು, ಮೂರನೆಯದು ತವಾದ ಮೇಲೆ ಚೆಂಡಿನ ಹಾಗೆ ಉಬ್ಬಿತು. ಒಬ್ಬರು ಲಟ್ಟಿಸುವುದು, ಇನ್ನೊಬ್ಬರು ಬೇಯಿಸುವುದು. ಅಡುಗೆಮನೆ ಬಿಸಿಯಾಯಿತು. ದುಭಾಷಿಗೆ ಮಾತ್ರ ಕೂರಲು ಒಂದು ಸ್ಟೂಲು ಸಿಕ್ಕಿತು.

ಐದನೆಯದು ತಿರುವುತ್ತ ಡಾಲಿ ಆಜಿ ತಾವಾಗಿಯೇ ಶುರು ಮಾಡಿದರು. “ನಿನ್ನ ಅಜ್ಜಿ ಪರದೆ ವಿಚಾರ ಕೇಳಲಿಲ್ಲ ಮಗಳೇ, ನನಗೆ ಗೊತ್ತು. ಸುಖಿಯಾ ಯಾಕೆ ಬಂದಳು ಅಂತ ತಾನೇ? ನನ್ನ ಮದುವೆಯಲ್ಲಿ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು. ಯಾರಿಗೂ ಬೇಕಾಗಿರಲಿಲ್ಲ. ಸರಿಯಾಗಿ ಹೇಳು ಅವರಿಗೆ.”

ಸುಪ್ರಿಯಾ ತಾಯಿಯನ್ನು ದುರುಗುಟ್ಟಿ ನೋಡಿದಳು. ಶೈಲಮ್ಮ ಕಣಕದ ಉಂಡೆಯನ್ನು ಅತಿ ಶ್ರದ್ಧೆಯಿಂದ ಒತ್ತುತ್ತಿದ್ದರು.

ಸುಖಿಯಾ ತೊಂಬತ್ತರ ಹತ್ತಿರ ಬದುಕಿದ್ದಳು. ಮೊಮ್ಮಗನ ಹೆಂಡತಿಯಾಗಿ ಆ ಮನೆ ಸೇರಿದ ಡಾಲಿ ಆಕೆಯ ಕೊನೆಯ ಕಾಲದಲ್ಲಿ ಸೇವೆ ಮಾಡಿದವರು, ಕತೆ ಆಕೆಯ ಬಾಯಿಂದಲೇ ಕೇಳಿದವರು. ಮನೆಯ ಗಂಡಸರು ಬೇರೆ ಬೇರೆ ಹೇಳುತ್ತಾರೆ: ಒಬ್ಬ ಅವಳು ಜಮೀನ್ದಾರರ ಮಗಳು, ಅಪಹರಿಸಿದರು ಅನ್ನುತ್ತಾನೆ, ಇನ್ನೊಬ್ಬ ಬರಗಾಲ ಅನ್ನುತ್ತಾನೆ. ನಡೆದದ್ದು ಇಷ್ಟು. ಹದಿಮೂರಕ್ಕೆ ಮದುವೆ, ಹದಿನೈದಕ್ಕೆ ಗಂಡ ಸತ್ತ. ಅತ್ತೆಯ ಮನೆಯಲ್ಲಿ ಬೆಳಗಿನ ಜಾವದಿಂದ ಬೀಸುವ ಕಲ್ಲು. ಹನ್ನೊಂದು ಜನರ ಹಿಟ್ಟು, ಅವಳ ಎರಡು ಕೈ. ಅವಳಿಗೆ ಹಾಕುತ್ತಿದ್ದದ್ದು ಉಳಿದ ರೊಟ್ಟಿ. ಹದಿನೆಂಟಾದಾಗ ಒಂದು ದಿನ ಆಡು ಮಾರಲು ಸಂತೆಗೆ ಕಳಿಸಿದರು. ಅಲ್ಲಿ, ರೈಲ್ವೆ ಸ್ಟೇಷನ್ ಹತ್ತಿರ, ಕೊಡೆ ಹಿಡಿದ ಒಬ್ಬ ದಲ್ಲಾಳಿ ಸಿಕ್ಕ. ಸಮೀಪದಲ್ಲೇ ಒಂದು ನಡುಗಡ್ಡೆ ಇದೆ, ಕೂತಲ್ಲೇ ಸಕ್ಕರೆ ಸೋಸುವ ಕೆಲಸ, ಅಂದ.

“ನಂಬಿದ್ಲಾ?” ಅಂದರು ಶೈಲಮ್ಮ.

“ಎಲ್ಲಿ ನಂಬ್ತಾಳೆ! ‘ಅವನ ಮುಖ ನೋಡಿದ್ರೇ ಗೊತ್ತಾಗ್ತಿತ್ತು ಸುಳ್ಳು ಅಂತ. ಆದ್ರೆ ಹಿಟ್ಟು ಬೀಸೋಕೆ ನನ್ನ ಕರೆದವರು ಯಾರೂ ಅಷ್ಟು ಚೆಂದದ ಸುಳ್ಳನ್ನೂ ಹೇಳಿರಲಿಲ್ಲ’ ಅಂತಿದ್ದಳು.”

ಕೀರ್ತಿ ಇದನ್ನು ಕನ್ನಡ ಮಾಡುವಾಗ ಎರಡು ಸಲ ತಡವರಿಸಿದಳು. ಶೈಲಮ್ಮನವರ ಲಟ್ಟಣಿಗೆ ನಿಂತಿತು.

ಕಲ್ಕತ್ತೆಯಲ್ಲಿ ಅಧಿಕಾರಿ, ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೀಯಾ ಎಂದು ಕೇಳಿದ. ಹೌದು ಅಂದಳು, ಕಟ್ಟಡಕ್ಕೆಲ್ಲ ಕೇಳಿಸುವಂತೆ. ಹತ್ತಿರದ ಸಂಬಂಧಿಕರು ಯಾರು ಎಂದು ಕೇಳಿದ. ಯಾರೂ ಇಲ್ಲ ಅಂದಳು. ಗಾಜಿನೊಳಗಿನ ಕಾಗದದಲ್ಲಿ ಇವತ್ತಿಗೂ ಹಾಗೆಯೇ ಇದೆ. ಅಪ್ಪ ಬದುಕಿದ್ದ, ಮೂವರು ಅಣ್ಣಂದಿರಿದ್ದರು, ಅತ್ತೆ ಮಾವ ಮೈದುನರೆಲ್ಲ ಗಟ್ಟಿಮುಟ್ಟಾಗಿದ್ದರು.

“ಅಲ್ಲಿ ಹೋದ ಮ್ಯಾಲೆ ಸುಖ ಇತ್ತೇನು?”

ಡಾಲಿ ಆಜಿಯ ನಗು ಅರ್ಧವಾಯಿತು. ಸುಖ ಎಲ್ಲಿಂದ ಬರಬೇಕು? ಸಕ್ಕರೆ ಸೋಸುವುದಲ್ಲ, ಸೊಂಟಮಟ್ಟದ ಕೆಸರಿನಲ್ಲಿ ಕಳೆ ಕೀಳುವುದು. ಚೀಟಿ ಇಲ್ಲದೆ ತೋಟದ ಗಡಿ ದಾಟಿದರೆ ಜೈಲು. ಜ್ವರ ಬಂದರೂ ಎಬ್ಬಿಸುತ್ತಿದ್ದರು. ಅವಳ ಜೊತೆ ಹಡಗಿನಲ್ಲಿ ಬಂದ ಗೆಳತಿ ಎರಡನೇ ವರ್ಷವೇ ಸತ್ತಳು. ಆದರೂ ಕರಾರು ಮುಗಿದ ಮೇಲೆ ಊರಿಗೆ ಹೋಗುತ್ತೀಯಾ ಎಂದು ಕೇಳಿದಾಗ ಸುಖಿಯಾ ಒಲ್ಲೆ ಅಂದಳು. ಬುಧರಾಮ್ ಎಂಬುವನನ್ನು ತಾನೇ ಆರಿಸಿ ಮದುವೆಯಾದಳು. ಎರಡು ಹಸು ಕಟ್ಟಿದಳು. “ಕಷ್ಟ ಎರಡೂ ಕಡೆ ಇತ್ತು ಮಗಳೇ. ಇಲ್ಲಿನ ಕಷ್ಟಕ್ಕೆ ಬಾಗಿಲಿತ್ತು ಅಂತಿದ್ದಳು.”

ತವಾದ ಮೇಲಿದ್ದ ದಾಲ್ ಪುರಿ ಹೊಗೆಯಾಡಿತು. ಸುಪ್ರಿಯಾ ಹೋಗಿ ತೆಗೆದಳು. ಶೈಲಮ್ಮ ಕಟ್ಟೆಯ ಅಂಚಿನಲ್ಲಿ ಕೈಯೂರಿ ನಿಂತಿದ್ದರು. ಅವರಿಗೆ ಸಿಟ್ಟು ಬಂದಿದೆ ಎಂದುಕೊಂಡು ಕೀರ್ತಿ ಸ್ಟೂಲಿನಿಂದ ಎದ್ದಳು.

“ಕುಂದ್ರು” ಅಂದರು ಶೈಲಮ್ಮ. “ನಾ ಹೇಳೂದ ಆಕಿಗೆ ಹೇಳು. ನಡುವ ಪರದಿ ಗಿರದಿ ತರಬ್ಯಾಡ.”

ಆಮೇಲೆ ಮಗಳ ಮುಖ ನೋಡದೆ, ಡಾಲಿ ಆಜಿಯನ್ನೇ ನೋಡುತ್ತ ಹೇಳಿದರು.

“ನಮ್ಮವ್ವನ ಅವ್ವ ನಿಂಗವ್ವ ಅಂತ. ಅಣ್ಣಿಗೇರಿ ಕಡಿ ಒಂದು ಹಳ್ಳಿಗೆ ಕೊಟ್ಟಿದ್ರು. ಗಂಡ ಎರಡನೇದಾಕಿನ್ನ ತಂದ. ಆಕಿ ಬಂದ ಮ್ಯಾಲೆ ಈಕಿಗೆ ದನದ ಕೊಟ್ಟಿಗ್ಯಾಗ ಹಾಸಗಿ. ಆಗ ಹುಬ್ಬಳ್ಳ್ಯಾಗ ಹತ್ತಿ ಗಿರಣಿ ಶುರುವಾಗಿದ್ವು. ಅರಳಿ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಬಿಳೇರ ದೇಶಕ್ಕ ಹೋಗ್ತಿತ್ತಂತ. ಗಿರಣ್ಯಾಗ ಹೆಣ್ಮಕ್ಕಳ್ನೂ ಕೆಲಸಕ್ಕ ತಗೋತಾರ ಅಂತ ಯಾರೋ ಹೇಳಿದ್ರು. ಮಧ್ಯಾಹ್ನ ಎಲ್ಲಾರೂ ಹೊಲಕ್ಕ ಹೋದಾಗ, ನಮ್ಮವ್ವನ್ನ ಬಗಲಾಗ ಎತಗೊಂಡು, ರೈಲು ಹಳಿ ಹಿಡದು ನಡದಳು. ಎರಡು ದಿನ. ದಾರಿ ತಪ್ಪಬಾರ್ದು ಅಂತ ಹಳಿ ಬಿಡಲೇ ಇಲ್ಲಂತ.”

“ಅವ್ವಾ!” ಅಂದಳು ಸುಪ್ರಿಯಾ.

“ಗಿರಣ್ಯಾಗ ಕೆಲಸಕ್ಕ ತಗೊಳ್ಳೋ ಮುಕಾದಮ, ಗಂಡ ಎಲ್ಲಿ ಅಂತ ಕೇಳಿದ. ಸತ್ತ ಅಂದ್ಲು. ಅವ ಇನ್ನೂ ಮೂವತ್ತು ವರ್ಷ ಬದುಕಿದ್ದ, ಗುಂಡಕಲ್ಲಿನಂಗ.”

ಕೀರ್ತಿ ಭಾಷಾಂತರ ಮುಗಿಸಿದಳೋ ಇಲ್ಲವೋ, ಡಾಲಿ ಆಜಿ ಹಿಟ್ಟಿನ ಕೈಯಲ್ಲೇ ಶೈಲಮ್ಮನವರ ಭುಜ ಹಿಡಿದು, “ನಿಮ್ಮಾಕೆ ಒಬ್ಬನ್ನ ಸಾಯಿಸಿದ್ಲು. ನಮ್ಮಾಕೆ ಇಡೀ ಮನೇನೇ!” ಅಂದರು.

ಇಬ್ಬರು ಮುದುಕಿಯರೂ ನಕ್ಕ ಅಬ್ಬರಕ್ಕೆ ಹಾಲಿನಿಂದ ಗಂಡಸರು ಎದ್ದು ಬಂದರು. ದೇವಿನ್ ಬಾಗಿಲಲ್ಲಿ ಇಣುಕಿ ಏನಾಯಿತೆಂದು ಕೇಳಿದ. ಕೀರ್ತಿಗೆ ಕಣ್ಣಲ್ಲಿ ನೀರು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯದು. “ಎರಡೂ ಫ್ಯಾಮಿಲೀಲಿ ರನ್‌ಅವೇಸ್” ಅಂದಳು.

ಊಟ ಎರಡು ಗಂಟೆಗೆ ಶುರುವಾಗಿ ನಾಲ್ಕಕ್ಕೆ ಮುಗಿಯಿತು. ಶೈಲಮ್ಮನವರಿಗೆಂದು ಡಾಲಿ ಆಜಿ, ಮಾಂಸ ಮೀನು ಎಂದೂ ಮುಟ್ಟಿಸದ, ಬರೀ ಪೂಜೆಗೆ ಇಟ್ಟ ಪಾತ್ರೆಗಳಲ್ಲೇ ಬದನೆ, ಕುಂಬಳಕಾಯಿ ಮಾಡಿದ್ದರು; ಅದನ್ನು ಹೇಳಿಕೊಳ್ಳಲೂ ಇಲ್ಲ. ಮದುವೆಯ ದಿನ ಅಕ್ಟೋಬರಿಗೆ ಎಂದಾಯಿತು. ಮದುವೆ ಹಾಲ್ ಯಾವುದು, ಊಟ ಯಾರದು ಎಂದು ಸುಪ್ರಿಯಾ ಫೋನಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಸಿಹಿ ಹೋಳಿಗೆಯೂ ಆಗಲಿ, ಉಪ್ಪಿನ ಹೋಳಿಗೆಯೂ ಆಗಲಿ ಎಂದು ಇಬ್ಬರು ಹಿರಿಯರು ಅವಳನ್ನು ಕೇಳದೆಯೇ ತೀರ್ಮಾನಿಸಿದರು.

ಸಂಜೆ ಕಾರು ಹಿಲ್ಸ್‌ಬರೋದ ಕಡೆಗೆ ಹೊರಟಿತು. ಸ್ಟ್ಯಾಟನ್ ಐಲೆಂಡ್ ದಾಟಿದ ಮೇಲೆ ಸುಪ್ರಿಯಾ ಹಿಂದಕ್ಕೆ ತಿರುಗಿದಳು.

“ಐವತ್ತೆರಡು ವರ್ಷ ಆತು ನನಗ. ಒಂದು ದಿನನೂ ಹೇಳಲಿಲ್ಲಲ್ಲ ಅವ್ವಾ.”

“ನನ್ನ ಮದವಿ ಮಾತಾಡುವಾಗ ನಮ್ಮಪ್ಪ ‘ಅವ್ವನ ಕಡಿಯವ್ರೂ ಮೂಲ ಹುಬ್ಬಳ್ಳಿಯವ್ರ’ ಅಂತ ಹೇಳಿಬಿಟ್ಟಿದ್ದ. ನಿಮ್ಮಪ್ಪನ ಮನ್ಯಾಗ ಅದನ್ನ ಸುಳ್ಳು ಮಾಡಾಕ ಬರ್ತಿತ್ತೇನು? ಹೇಳ್ತ ಹೇಳ್ತ ಏಳು ತಲಿ ಆತು.” ಶೈಲಮ್ಮ ಕಿಟಕಿಯಾಚೆ ನೋಡಿದರು. “ನಮ್ಮಜ್ಜಿ ನನಗ ಒಮ್ಮೆನ ಹೇಳಿದ್ಲು. ತಲಿ ಹಿಕ್ಕುವಾಗ. ನಾಚಿಗಿ ಪಡಲಿಲ್ಲ ನೋಡು ಆಕಿ. ನಾವು ಪಟ್ಟಿವಿ.”

“ಅತ್ತಿ, ಇನ್ನ ಆ ಏಳು ತಲಿ ಮಾತು?” ಎಂದು ಶಶಿಧರ ಕೆಣಕಿದ.

“ಗಾಡಿ ನೋಡಿ ಹೊಡೀರಿ ನೀವು.”

ಮರುದಿನ ಬೆಳಗ್ಗೆ ಚಹಾ ಮುಗಿಸಿದವರೇ ಶೈಲಮ್ಮ ಹುಬ್ಬಳ್ಳಿಗೆ ಫೋನು ಹಚ್ಚಿದರು. ಅಲ್ಲಿ ಸಂಜೆ. ತಮ್ಮ ಅಡಿವೆಪ್ಪ ಎತ್ತಿದ. ಅವನಿಗೂ ಎಪ್ಪತ್ತು, ಶೈಲಮ್ಮನವರಿಗೆ ಇನ್ನೂ ‘ತಮ್ಯಾ’. ಹುಡುಗ ಚಲೋ ಅದಾನ, ಮನಿ ಚಲೋ ಐತಿ ಎಂದೆಲ್ಲ ಹೇಳಿ, ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಹೇಳಿದರು.

“ತಮ್ಯಾ, ನಿನಗ ಒಂದು ಮಾತು ಹೇಳಿಲ್ಲ ನಾ. ಸಿಟ್ಟಾಗಬ್ಯಾಡ. ನಮ್ಮ ನಿಂಗವ್ವಜ್ಜಿ ಮೂಲ ಹುಬ್ಬಳ್ಳಿಯಾಕಿ ಅಲ್ಲ. ಗಂಡನ್ನ ಬಿಟ್ಟು...”

“ಹಳಿ ಹಿಡದು ನಡಕೊಂಡು ಬಂದಾಕಿ” ಅಂದ ಅಡಿವೆಪ್ಪ.

ಶೈಲಮ್ಮ ಫೋನನ್ನು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡರು. “ನಿನಗ ಹೆಂಗ ಗೊತ್ತು?”

“ಅವ್ವ ಹೇಳಿದ್ಲು. ಅಕ್ಕಗ ಹೇಳಬ್ಯಾಡ, ಆಕಿ ಅತ್ತಿ ಮನ್ಯಾಗ ತ್ರಾಸ ಆಗತೈತಿ ಅಂದಿದ್ಲು. ನಲವತ್ತು ವರ್ಷ ಬಾಯಿ ಮುಚಗೊಂಡು ಕುಂತೇನಿ ನಾ, ನಿನ್ನ ಸಲುವಾಗಿ!”

“ನಾನೂ ನಿನ್ನ ಸಲುವಾಗಿನ ಸುಮ್ಮನಿದ್ದೆ, ಹುಚ್ಚಾ!”

“ನಾ ಆ ಊರಿಗೂ ಹೋಗಿ ಬಂದೇನಕ್ಕ, ಎರಡು ಸಲ. ನಿನಗ ಊರಿನ ಹೆಸರರ ಗೊತ್ತೈತೇನು?”

ಗೊತ್ತಿರಲಿಲ್ಲ. ಶೈಲಮ್ಮ ಕುರ್ಚಿ ಎಳೆದುಕೊಂಡು ಕೂತರು. ಕೀರ್ತಿಗೆ ಪೆನ್ನು ತರಲು ಸನ್ನೆ ಮಾಡಿದರು. “ಮೊದ್ಲಿಂದ ಹೇಳು” ಅಂದರು ತಮ್ಮನಿಗೆ, “ಗಡಬಡ ಮಾಡಬ್ಯಾಡ. ಇವತ್ತು ನನಗ ಏನೂ ಕೆಲಸಿಲ್ಲ.”